ಗೇಮಿನ ಟಾಕಿ, ಹೊಲದ ಸ್ಟಾರ್ಟರ್

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಮಕ್ಕಳ ಗೇಮ್ ಹುಚ್ಚನ್ನು ದೂರುವ ಪತ್ರಗಳು ಬರುವುದು ರೂಢಿ. ದೂರಿನಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ, ಆದರೆ ಎಲ್ಲ ಗೇಮನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಕೆನಡಾದ ಕ್ಲೇ ಕಂಪನಿ 2019ರಲ್ಲಿ ಹೊರತಂದ ‘ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್’ನಲ್ಲಿ ನೆಲದೊಳಗಿನ ಒಂದು ವಸಾಹತಿಗೆ ಗಾಳಿ, ನೀರು, ಕರೆಂಟ್ ಹೊಂದಿಸಬೇಕು. ಅಲ್ಲಿ ನೀರಿನ ಟಾಕಿಯೊಂದು ತಾನೇ ತುಂಬಿ ತಾನೇ ಬಂದ್ ಆಗುವಂತೆ ಮಾಡಿದ ಹುಡುಗ ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನ ಒಂದು ಇಡೀ ಪಾಠವನ್ನು ಗೊತ್ತಿಲ್ಲದೆಯೇ ಮುಗಿಸಿರುತ್ತಾನೆ.

ಆರು ಚೌಕ ಅಗಲ, ಐದು ಚೌಕ ಎತ್ತರದ ಟಾಕಿ ಎಂದುಕೊಳ್ಳಿ. ಒಂದು ಚೌಕಕ್ಕೆ ಸುಮಾರು 1,000 ಕಿಲೋ ನೀರು, ಒಟ್ಟು 30,000 ಕಿಲೋ. ಸಂಪಿನಿಂದ ಈ ಟಾಕಿಗೆ ಪಂಪು ಸೆಕೆಂಡಿಗೆ 10 ಕಿಲೋ ಎತ್ತುತ್ತದೆ, 240 ವಾಟ್ ತಿನ್ನುತ್ತದೆ. ಹೊಸಬರು ಟಾಕಿಯ ನಡುವೆ ಒಂದೇ ಹೈಡ್ರೋ ಸೆನ್ಸರ್ (ನೀರಿನ ತೂಕ ನೋಡಿ ಸಂಕೇತ ಕೊಡುವ ಸಾಧನ) ಇಟ್ಟು ತಂತಿಯನ್ನು ನೇರ ಪಂಪಿಗೆ ಎಳೆಯುತ್ತಾರೆ. ಎಡವಟ್ಟಾಗುವುದು ಅಲ್ಲೇ. ಸೆನ್ಸರ್ ನೋಡುವುದು ತಾನು ಕೂತ ಚೌಕವನ್ನು ಮಾತ್ರ, ಇಡೀ ಟಾಕಿಯನ್ನಲ್ಲ. ಆ ಚೌಕದಲ್ಲಿ ನೀರು ಅತ್ತಿತ್ತ ತೊನೆದಾಡಿದರೆ ತೂಕ ಒಮ್ಮೆ 500 ಕಿಲೋ ದಾಟುತ್ತದೆ, ಒಮ್ಮೆ ಇಳಿಯುತ್ತದೆ. ಪಂಪು ಟಕಟಕ ಎಂದು ಚಾಲೂ, ಬಂದ್, ಚಾಲೂ, ಬಂದ್. ಚಾಲೂ ಮಾಡುವ ಮಟ್ಟವೂ ನಿಲ್ಲಿಸುವ ಮಟ್ಟವೂ ಒಂದೇ ಆದರೆ ಬೇರೇನೂ ಆಗಲು ಸಾಧ್ಯವಿಲ್ಲ.

ಬೇಕಿರುವುದು ಎರಡು ಮಟ್ಟ, ನಡುವೆ ಒಂದು ನೆನಪು. ಕೆಳಗಿನಿಂದ ಎರಡನೇ ಸಾಲಿನಲ್ಲಿ ಒಂದು ಸೆನ್ಸರ್ ಇಟ್ಟು, 500 ಕಿಲೋಗಿಂತ ಕಡಿಮೆಯಾದರೆ ಹಸಿರು ಸಂಕೇತ (ಹಸಿರು ಎಂದರೆ ಹೌದು, ಕೆಂಪು ಎಂದರೆ ಇಲ್ಲ) ಕೊಡುವಂತೆ ಹೊಂದಿಸಿ. ಐದನೇ ಸಾಲಿನಲ್ಲಿ ಇನ್ನೊಂದು, ಅದು 500 ಕಿಲೋ ಮೀರಿದರೆ ಹಸಿರು. ಕೆಳಗಿನದನ್ನು ಮೆಮೊರಿ ಟಾಗಲ್ ಎಂಬ ನೆನಪಿನ ಸ್ವಿಚ್ಚಿನ ಸೆಟ್‌ಗೆ (ಚಾಲೂ ಮಾಡುವ ತುದಿಗೆ), ಮೇಲಿನದನ್ನು ರೀಸೆಟ್‌ಗೆ (ಬಂದ್ ಮಾಡುವ ತುದಿಗೆ) ಕೊಟ್ಟು, ಟಾಗಲ್‌ನ ಔಟ್‌ಪುಟ್ ಪಂಪಿಗೆ ಹೋಗಲಿ. ಈಗ ಎರಡು ಮಟ್ಟಗಳ ನಡುವೆ ಮೂರು ಸಾಲಿನ ಅಂತರ, ಅಂದರೆ 18,000 ಕಿಲೋ. ಬಳಕೆ ಇಲ್ಲದಿದ್ದರೆ ಪಂಪು ಒಮ್ಮೆ ಚಾಲೂ ಆದರೆ 1,800 ಸೆಕೆಂಡು ನಿಲ್ಲದೆ ಓಡುತ್ತದೆ, ಗೇಮಿನ ಲೆಕ್ಕದಲ್ಲಿ ಮೂರು ದಿನ. ನೀರು ಎಷ್ಟು ತೊನೆದರೂ ಅದಕ್ಕೆ ಲೆಕ್ಕವಿಲ್ಲ.

ತಂತಿಯ ಬಗ್ಗೆ ಎಚ್ಚರ. ಎರಡು ಸೆನ್ಸರ್‌ಗಳ ತಂತಿ ಎಲ್ಲಾದರೂ ಒಂದಕ್ಕೊಂದು ಕೂಡಿದರೆ ಅವು ಒಂದೇ ತಂತಿಯಾಗುತ್ತವೆ. ಯಾವುದೊಂದು ಹಸಿರಾದರೂ ಎಲ್ಲವೂ ಹಸಿರು, ಅದು ಆರ್ ಗೇಟ್ ಇದ್ದಂತೆ. ಅಡ್ಡ ಹಾಯಬೇಕಾದರೆ ತಂತಿ ಸೇತುವೆಯನ್ನೇ ಬಳಸಬೇಕು.

ಇನ್ನು ಸಂಪ್ ಬತ್ತಿದಾಗಿನ ಮಾತು. ತಳದಲ್ಲಿ ಗ್ರಾಂ ಲೆಕ್ಕದ ನೀರು ಉಳಿದರೂ ಪಂಪು ಪೂರ್ತಿ 240 ವಾಟ್ ಎಳೆಯುತ್ತದೆ. ಸಂಪಿನಲ್ಲಿ ಮೂರನೇ ಸೆನ್ಸರ್ ಇಟ್ಟು 200 ಕಿಲೋ ಮೀರಿದರೆ ಹಸಿರು ಮಾಡಿ, ಎರಡೂ ಹಸಿರಾದರೆ ಮಾತ್ರ ಹಸಿರು ಕೊಡುವ ಆಂಡ್ ಗೇಟ್ ಮೂಲಕ ಕೂಡಿಸಬೇಕು. ಎಲ್ಲಿ ಕೂಡಿಸುತ್ತೀರಿ ಎಂಬುದರಲ್ಲಿದೆ ಜಾಣತನ. ಸೆಟ್‌ಗೆ ಹೋಗುವ ತಂತಿಯಲ್ಲಿ ಕೂಡಿಸಿದರೆ, ಪಂಪು ಓಡುತ್ತಿರುವಾಗ ಸಂಪ್ ಬತ್ತಿದರೂ ಟಾಗಲ್ ನೆನಪು ಬಿಡದು, ಪಂಪು ನಿಲ್ಲದು. ಆಂಡ್ ಗೇಟ್ ಟಾಗಲ್‌ನ ಆಚೆ, ಪಂಪಿನ ಮುಂದೆ ಇರಬೇಕು. ಸಂಪಿನ ಸೆನ್ಸರ್‌ಗೆ 10 ಸೆಕೆಂಡಿನ ಫಿಲ್ಟರ್ ಗೇಟ್ ಸೇರಿಸಿದರೆ ಇನ್ನೂ ಒಳ್ಳೆಯದು: ಹಸಿರು ಅಷ್ಟು ಹೊತ್ತು ನಿಂತರೆ ಮಾತ್ರ ಮುಂದೆ ಬಿಡುತ್ತದೆ, ಕೆಂಪಾದರೆ ಆ ಕ್ಷಣವೇ ಕಡಿಯುತ್ತದೆ.

ಇದೆಲ್ಲ ನಮ್ಮ ರೈತರಿಗೆ ಹೊಸದಲ್ಲ. ಬೋರ್‌ವೆಲ್ ಸ್ಟಾರ್ಟರ್‌ನ ಹಸಿರು ಗುಂಡಿ ಒತ್ತಿದರೆ ಕಾಯಿಲ್ ಕಾಂಟ್ಯಾಕ್ಟರನ್ನು (ಮೋಟರಿಗೆ ಕರೆಂಟ್ ಕೂಡಿಸುವ ಸ್ವಿಚ್ಚನ್ನು) ಎಳೆಯುತ್ತದೆ. ಅದರ ಜೊತೆಗೇ ಕೂಡುವ ಸಣ್ಣ ಕಾಂಟ್ಯಾಕ್ಟ್ ಹಸಿರು ಗುಂಡಿಗೆ ಪ್ಯಾರಲಲ್ ಇರುವುದರಿಂದ ಬೆರಳು ತೆಗೆದರೂ ಮೋಟರ್ ಓಡುತ್ತಿರುತ್ತದೆ. ಆ ಸಣ್ಣ ಕಾಂಟ್ಯಾಕ್ಟೇ ನೆನಪು. ಕೆಂಪು ಗುಂಡಿ ಸೀರೀಸ್‌ನಲ್ಲಿದೆ, ಎರಡನ್ನೂ ಒಟ್ಟಿಗೆ ಒತ್ತಿದರೆ ಕೆಂಪೇ ಗೆಲ್ಲುತ್ತದೆ. ಗೇಮಿನ ಟಾಗಲ್‌ನಲ್ಲೂ ಗೆಲ್ಲುವುದು ರೀಸೆಟ್ಟೇ. ಪಠ್ಯದ ನಾರ್ ಲ್ಯಾಚ್‌ನಲ್ಲಿ (ನಾರ್ ಗೇಟುಗಳಿಂದ ಕಟ್ಟಿದ ಇದೇ ಬಗೆಯ ನೆನಪಿನ ಸರ್ಕ್ಯೂಟಿನಲ್ಲಿ) ಮಾತ್ರ ಸೆಟ್, ರೀಸೆಟ್ ಎರಡೂ ಒಟ್ಟಿಗೆ ‘1’ ಆಗುವುದು ನಿಷಿದ್ಧ ಎಂದು ಬರೆಸಿ ಮುಂದೆ ಹೋಗುತ್ತಾರೆ, ಏಕೆಂದು ಕೇಳಿದರೆ ಉತ್ತರ ಬರುವುದು ಅಪರೂಪ.

ಒಂದು ವ್ಯತ್ಯಾಸವಿದೆ. ಕರೆಂಟ್ ಹೋದರೆ ಸ್ಟಾರ್ಟರ್ ನೆನಪು ಕಳೆದುಕೊಳ್ಳುತ್ತದೆ, ಅದಕ್ಕೇ ರಾತ್ರಿ ಪಾಳಿಯ ಕರೆಂಟಿಗೆ ಕಬ್ಬಿನವರು ಆಟೋ ಸ್ಟಾರ್ಟರ್ ಹಾಕಿಸುವುದು. ಗೇಮಿನ ಟಾಗಲ್‌ಗೆ ಕರೆಂಟೇ ಬೇಡ, ಹೋಗಿ ಬಂದರೆ ಪಂಪು ತಾನೇ ಮುಂದುವರಿಯುತ್ತದೆ. ಮತ್ತೆ, ಗೇಮಿನಲ್ಲಿ ಮೂರು ಫೇಸಿನಲ್ಲಿ ಒಂದು ಹೋಗಿ ಮೋಟರಿನ ವೈಂಡಿಂಗ್ ಸುಡುವುದೂ ಇಲ್ಲ. ಅದನ್ನು ಹೊಲದಲ್ಲೇ ಕಲಿಯಬೇಕು.

ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರ್ ಎಂಬ ಅಂಕಿಗಾಗಿ ಹಳೆ ಊರು ಬಿಟ್ಟು ನವನಗರಕ್ಕೆ ಬಂದವರಿರುವ ಜಿಲ್ಲೆ ಇದು. ನೀರಿನ ಮಟ್ಟದ ಉದಾಹರಣೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಲ್ಯಾಚ್ ಪಾಠದ ವಾರ ಮೊದಲು ಈ ಟಾಕಿಯನ್ನು ಗೇಮಿನಲ್ಲೋ, ಗೇಮ್ ಕೊಳ್ಳಲಾಗದಿದ್ದರೆ ಹಾಳೆಯ ಮೇಲೋ ಮಾಡಿಸಲಿ. ಆಮೇಲೆ ಬ್ರೆಡ್‌ಬೋರ್ಡ್, ಅಂದರೆ ತಂತಿ ಸಿಕ್ಕಿಸಿ ಸರ್ಕ್ಯೂಟ್ ಕಟ್ಟುವ ಹಲಗೆಯ ಮೇಲೆ. ಕೊನೆಗೆ ಕರೆಂಟ್ ಸಂಪರ್ಕವಿಲ್ಲದ ಹಳೆಯ ಸ್ಟಾರ್ಟರೊಂದರ ಮುಚ್ಚಳ ಬಿಚ್ಚಿಟ್ಟು, ಇದರಲ್ಲಿ ಸೆಟ್ ಯಾವುದು, ರೀಸೆಟ್ ಯಾವುದು, ನೆನಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಲಿ. ವೈವಾಕ್ಕೆ ಅಷ್ಟು ಪ್ರಶ್ನೆ ಸಾಕು.

— ಡಿಜಿಟಲ್ ಎಲೆಕ್ಟ್ರಾನಿಕ್ಸ್ ಉಪನ್ಯಾಸಕರು, ನವನಗರ, ಬಾಗಲಕೋಟೆ