ಹೆಸರು ಕೇಳೋದೇ ಮರೆತೆ

ನಮ್ಮ ಕಮ್ಯುನಿಟಿ ಕಾಲೇಜಿನ (ಡಿಗ್ರಿಯ ಮೊದಲ ಎರಡು ವರ್ಷ ಓದುವ ಕಾಲೇಜು) ಮ್ಯಾಥ್ಸ್ ಲ್ಯಾಬ್‌ನಲ್ಲಿ ಅವತ್ತು ಪಕ್ಕದಲ್ಲಿ ಕೂತಿದ್ದವರೇ, ನಿಮಗೆ ತುಂಬಾ ಥ್ಯಾಂಕ್ಸ್.

60 ಯೂನಿಟ್ (ಕೋರ್ಸ್ ಮುಗಿಸಿದರೆ ಸಿಗುವ ಕ್ರೆಡಿಟ್) ಆದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಟ್ರಾನ್ಸ್‌ಫರ್ ಆಗಬಹುದು ಅಂತ ನಾನು ಸುಮ್ನೆ ಸಿಕ್ಕ ಕೋರ್ಸ್‌ಗಳನ್ನೆಲ್ಲಾ ತೆಗೆದುಕೊಳ್ಳುತ್ತಿದ್ದೆ. ನೀವು ಕಾಫಿ ಕಲೆಯಾಗಿದ್ದ ಹಾಳೆಯ ಹಿಂದೆ ಬಾಣ ಎಳೆದು, ಟ್ರಾನ್ಸ್‌ಫರ್‌ಗೆ ಮೊದಲು ನಾನು ಮುಗಿಸಬೇಕಾದ ಗಣಿತದ ಕೋರ್ಸ್‌ಗಳನ್ನು ತೋರಿಸಿದಿರಿ: ಕ್ಯಾಲ್ಕುಲಸ್ ಒಂದು, ಎರಡು, ಮೂರು, ಜೊತೆಗೆ ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಷನ್ಸ್. ಕ್ಯಾಲ್ಕುಲಸ್ ಒಂದು ಮುಗಿಯದೆ ಎರಡಕ್ಕೆ ಬಿಡಲ್ಲ ಅಲ್ವಾ? ತಡವಾಗಿ ಶುರು ಮಾಡಿದರೆ ಒಂದು ವರ್ಷವೇ ಕೈಬಿಟ್ಟು ಹೋಗುತ್ತದೆ. ಇಲ್ಲಿನ ಯಾವ ಕೋರ್ಸ್ ಅಲ್ಲಿನ ಯಾವುದಕ್ಕೆ ಸಮ ಅಂತ ‘ಅಸಿಸ್ಟ್’ ವೆಬ್‌ಸೈಟ್‌ನಲ್ಲಿ ಹುಡುಕೋದನ್ನೂ ಹೇಳಿಕೊಟ್ಟಿರಿ.

ಈಗ ಕ್ಯಾಲ್ಕುಲಸ್ ಮೂರರಲ್ಲಿದ್ದೇನೆ. ಆ ಹಾಳೆ ಇನ್ನೂ ನನ್ನ ಪುಸ್ತಕದೊಳಗಿದೆ. ಮಂಗಳವಾರ ಸಂಜೆ ಅದೇ ಟೇಬಲ್‌ನಲ್ಲಿ ಇರುತ್ತೇನೆ, ಬನ್ನಿ. ಈ ಸಲ ಕಾಫಿ ನನ್ನದು.