ಚಿತ್ತಾರದ ಗೋಡೆಗೆ ಟೆಂಡರ್ ಬೇಡ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ವಂದನೆಗಳು. ಹಸೆ ಚಿತ್ತಾರವೆಂದರೆ ಮಲೆನಾಡಿನ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಲ್ಲಿ ಬರೆಯುವ ಚಿತ್ರ. ಶಾಲೆಗಳ ಗೋಡೆಗೆ ಅದನ್ನು ಬರೆಸುವ ಕೆಲಸವನ್ನು ಈ ವರ್ಷವೂ ಟೆಂಡರಿಗೆ ಹಾಕಿದ್ದೀರಿ. ಇದು ಮೂರನೇ ಸಲ. ಹೋದ ಸಲದ್ದರ ಗತಿ ನೋಡಿದಿರಾ? ಒಂದು ಶಾಲೆಯ ಜಗಲಿಯಲ್ಲಿ ಸ್ಟೆನ್ಸಿಲ್ ತಿರುಗಾಮುರುಗಾ ಹಿಡಿದು ಸ್ಪ್ರೇ ಹೊಡೆದಿದ್ದಾರೆ. ದಂಡಿಗೆಯೊಳಗೆ (ಪಲ್ಲಕ್ಕಿಯೊಳಗೆ) ಮದುಮಕ್ಕಳು ತಲೆ ಕೆಳಗೆ, ಕಾಲು ಮೇಲೆ! ಇಂಜಿನಿಯರು ಚದರ ಮೀಟರ್ ಅಳೆದು ಬಿಲ್ ಪಾಸು ಮಾಡಿದರು. ತಲೆಕೆಳಗಾದರೂ ಅಳತೆ ಅಷ್ಟೇ ತಾನೆ.

ನಮ್ಮ ಬೇಡಿಕೆ ಒಂದೇ. ಟೆಂಡರ್ ಕೈಬಿಡಿ. ಗೋಡೆಯನ್ನು ಆಯಾ ಊರಿನ ದೀವರ ಹೆಂಗಸರಿಗೂ ಶಾಲೆ ಮಕ್ಕಳಿಗೂ ಬಿಟ್ಟುಕೊಡಿ, ಕೂಲಿ ಕೊಡಿ.

ಮಲೆನಾಡಿನ ಗೋಡೆ ಮಳೆಗಾಲವಿಡೀ ತೇವ ಕುಡಿಯುತ್ತದೆ. ಅದರ ಮೇಲೆ ಆಯಿಲ್ ಪೇಂಟ್ ಬಳಿದರೆ ತೇವಕ್ಕೆ ಹೊರದಾರಿಯಿಲ್ಲ, ಗುಳ್ಳೆ ಎದ್ದು ಹಪ್ಪಳದಂತೆ ಕಳಚುತ್ತದೆ. ಆ ನುಣುಪಿನ ಮೇಲೆ ಆಮೇಲೆ ಅಕ್ಕಿ ಹಿಟ್ಟೂ ನಿಲ್ಲುವುದಿಲ್ಲ, ಪೂರ್ತಿ ಕೆರೆಯಬೇಕು.

ಕೆಮ್ಮಣ್ಣು ಬಳಿದ ಗೋಡೆ ಚೆನ್ನಾಗಿ ಒಣಗಬೇಕು. ಅಕ್ಕಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ನುಣ್ಣಗೆ ಅರೆಯಬೇಕು. ತೆಳುವಾದರೆ ಎಳೆ ಸೋರುತ್ತದೆ, ಗಟ್ಟಿಯಾದರೆ ಒಣಗಿ ಉದುರುತ್ತದೆ. ಕಪ್ಪಿಗೆ ಅಕ್ಕಿಯನ್ನೇ ಇದ್ದಿಲಾಗುವ ತನಕ ಹುರಿದು ಅರೆಯುವುದು. ಹಳದಿಗೆ ಗುರಿಗೆ ಎಂಬ ಕಾಡುಕಾಯಿ. ಕುಂಚಕ್ಕೆ ಪುಂಡಿ ನಾರು. ಮೋಟಾದರೆ ಉದ್ದನೆಯ ಎಳೆ ನಡುಗುತ್ತದೆ. ಪುಂಡಿಗೆ ಗದ್ದೆಯ ಕಡೆ, ಗುರಿಗೆಗೆ ಕಾನಿನ ಕಡೆ ಮಕ್ಕಳು ಅಜ್ಜಿಯರ ಹಿಂದೆ ಹೋಗಲೇಬೇಕು. ಇಬ್ಬರು ಎರಡು ತುದಿಯಿಂದ ಎಳೆದರೆ ಎಳೆ ನಡುವೆ ಕೂಡಬೇಕು, ಹಾಗಾಗಿ ಜಗಳವಾಡಿದವರೂ ಮಾತಾಡಲೇಬೇಕು. ಪೇಂಟ್ ಡಬ್ಬಿಯಲ್ಲಿ ಇದ್ಯಾವುದೂ ಬರುವುದಿಲ್ಲ ಸ್ವಾಮಿ.

ಸಮಯವೂ ತಪ್ಪು. ನಿಮ್ಮ ಕೆಲಸ ಮಾರ್ಚ್ ಕೊನೆಯ ಬಿಲ್ಲಿನ ಅವಸರದಲ್ಲಿ ನಡೆಯುತ್ತದೆ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಮುಂಚೆ, ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುವಾಗ, ಭೂಮ್ತಾಯಿಯ ಬಯಕೆಗೆಂದು ಮನೆಮನೆಯಲ್ಲಿ ಭೂಮಣ್ಣಿ ಬುಟ್ಟಿಗೆ, ಅಂದರೆ ಪೂಜೆಗೆ ಗದ್ದೆಗೆ ಒಯ್ಯುವ ಬುಟ್ಟಿಗೆ, ಸೆಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ. ಹಿಟ್ಟು ಅರೆದಿರುತ್ತದೆ, ಕೈ ಪಳಗಿರುತ್ತದೆ. ಗೋಡೆ ಆಗ ಕೊಡಿ. ಅದೂ ಸೂರಿನಡಿಯ ಜಗಲಿ ಗೋಡೆ. ಕಾಂಪೌಂಡಿನ ಮೇಲೆ ಬರೆಸಿದರೆ ಒಂದೇ ಮಳೆಗೆ ಸಾಫ್.

ಬಾಳಿಕೆ ಎಷ್ಟು ವರ್ಷ ಎಂದು ಅಧಿಕಾರಿಗಳು ಕೇಳುತ್ತಾರೆ. ಒಂದು ವರ್ಷ. ಮಾಸುತ್ತದೆ, ಹುಳ ತಿನ್ನುತ್ತದೆ, ಮುಂದಿನ ವರ್ಷ ಮತ್ತೆ ಎಲ್ಲರೂ ಸೇರಿ ಬರೆಯುತ್ತಾರೆ. ನಿಮ್ಮ ಪೇಂಟೂ ಅಷ್ಟೇ ಬಾಳಿದ್ದು, ಬಿಡಿ.

ಟೆಂಡರಿಗೆ ಜಿಎಸ್‌ಟಿ ನಂಬರ್ ಬೇಕಂತೆ, ಮೂರು ವರ್ಷದ ವಹಿವಾಟು ಬೇಕಂತೆ. ಹುಡುಗಿಯಾಗಿದ್ದಾಗಿಂದ ಗೋಡೆ ಬರೆದ ಅಜ್ಜಿ ವಹಿವಾಟನ್ನು ಎಲ್ಲಿಂದ ತರಬೇಕು? ಟೆಂಡರ್ ಕರೆಯದೆ ಕೆಲಸ ಕೊಡಲು ಬಿಡುವ 4(ಜಿ) ವಿನಾಯಿತಿ ಎಂದರೇನೆಂದು ತಮಗೆ ನಾವು ಹೇಳಿಕೊಡಬೇಕಾಗಿಲ್ಲ. ಬೇಕಾದವರಿಗೆ ಅದು ಸಿಗುತ್ತದೆ.

ಟೆಂಡರ್ ತೆರೆಯುವ ಮೊದಲು ರದ್ದು ಮಾಡಿ. ಗೋಡೆ ಊರಿಗೆ ಕೊಡಿ, ಕೂಲಿ ಕೊಡಿ. ಅಷ್ಟೂ ಆಗದಿದ್ದರೆ ಆ ತಲೆಕೆಳಗಾದ ಮದುಮಕ್ಕಳನ್ನಾದರೂ ಕೆರೆಸಿ.

ಇತಿ,
ಚಿತ್ತಾರ ಬರೆಯುವವರ ಪರವಾಗಿ