ಅಜ್ಜನ ಪೆಟ್ಟಿಗೆಯ ಕುರಿತು ಮಗಳಿಗೆ

ಬದಿಯಡ್ಕ

ಪ್ರೀತಿಯ ಮಗಳೇ,

ಅಜ್ಜನ ಹೃದಯದ ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾಗಿದೆ. ಬರುವ ತಿಂಗಳ ಮೊದಲ ವಾರ ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋಗಬೇಕು. ಎಂಬತ್ತು ದಾಟಿದ ದೇಹ ಇದನ್ನು ತಾಳಿಕೊಳ್ಳುತ್ತದೆಯೆಂದು ವೈದ್ಯರು ಧೈರ್ಯ ಹೇಳಿದ್ದಾರೆ. ಆದರೂ ಅದಕ್ಕೆ ಮೊದಲು ಅವರ ಸೈನ್ಯದ ದಿನಗಳ ಪೆಟ್ಟಿಗೆಯಲ್ಲಿರುವ ವಸ್ತುಗಳ ಚಿತ್ರ ತೆಗೆಯಲು ನೀನು ಕ್ಯಾಮೆರಾ ಹಿಡಿದುಕೊಂಡು ಇನ್ನೊಮ್ಮೆ ಬರಬೇಕೆಂದು ಕೇಳಿಕೊಳ್ಳಲು ಈ ಪತ್ರ. ಕಳೆದ ಸಲ ಚಾವಡಿಯಲ್ಲಿ ನಡೆದುದು ನಮ್ಮಿಬ್ಬರಿಗೂ ಗೊತ್ತಿರುವುದರಿಂದ ಅದನ್ನಿಲ್ಲಿ ಬರೆಯುವುದಿಲ್ಲ. ನನ್ನ ಮಾತಿನ ಬಿರುಸಿಗೆ ನಿನ್ನ ಕಣ್ಣು ತುಂಬಿದ್ದನ್ನು ಕಂಡೆ. ಅದು ನನ್ನನ್ನು ಈಗಲೂ ನೋಯಿಸುತ್ತಿದೆ. ಆದರೆ ಆ ಹೊತ್ತಿಗೆ ಕ್ಯಾಮೆರಾ ಕೆಳಗಿಡೆಂದು ಹೇಳಿದ್ದು ಸರಿಯೆಂದೇ ನಂಬಿದ್ದೇನೆ.

ನೀನು ಕೇಳಿದ್ದು ಸಣ್ಣ ಪ್ರಶ್ನೆ. 1971ರ ಯುದ್ಧಕ್ಕಾಗಿ ಸಿಕ್ಕ ಪೂರ್ವಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್‌ಗಳ ಮೇಲೆ ಕೊರೆದ ಅಜ್ಜನ ಸೈನಿಕ ನಂಬರು ಒಂದು, ಸೈನಿಕರು ಊಟಕ್ಕೆ ಬಳಸುವ ಅಲ್ಯೂಮಿನಿಯಂ ಪಾತ್ರೆಯಾದ ಮೆಸ್ ಟಿನ್ನಿನ ಮೇಲಿರುವ ನಂಬರು ಇನ್ನೊಂದು; ಅದು ಯಾರದು? ಇಷ್ಟು ವರ್ಷ ಈ ಮನೆಯಲ್ಲಿ ಯಾರಿಗೂ ಕಾಣದ ವ್ಯತ್ಯಾಸ ನಿನಗೆ ಕಂಡಿತು. ಆ ಕಣ್ಣಿನ ಬಗ್ಗೆ ನನಗಿರುವ ಹೆಮ್ಮೆಯನ್ನು ಎದುರಿಗೆ ಹೇಳಿ ಅಭ್ಯಾಸವಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆ ಟಿನ್ನಿನ ಕುರಿತು ನನಗೆ ಗೊತ್ತಿದ್ದುದು ಒಂದೇ ಸಂಗತಿ. ನಾನಾಗ ಮೂರನೆಯ ತರಗತಿಯಲ್ಲಿದ್ದೆ, ಅಜ್ಜ ರಜೆಯಲ್ಲಿ ಬಂದಿದ್ದರು. ಪೆಟ್ಟಿಗೆಯಲ್ಲಿದ್ದ ಬಟ್ಟೆಗಳನ್ನು ಬಿಸಿಲಿಗೆ ಹಾಕಲು ತೆಗೆದ ನಿನ್ನಜ್ಜಿ, ಗಟ್ಟಿಮುಟ್ಟಾದ ಪಾತ್ರೆ ಸುಮ್ಮನೆ ಯಾಕಿರಬೇಕೆಂದು ಅದರಲ್ಲಿ ಕೋಳಿಗಳಿಗೆ ತೌಡು ಕಲಸಿಟ್ಟರು. ತೋಟದಿಂದ ಬಂದ ಅಜ್ಜ ಅದನ್ನು ಕಂಡು, ಒಂದು ಮಾತೂ ಆಡದೆ ಎತ್ತಿಕೊಂಡು ಹೋಗಿ, ಬಾವಿಕಟ್ಟೆಯ ಬಳಿ ಕುಳಿತು ಬೂದಿ ಹಾಕಿ ತೆಂಗಿನ ಗುಂಜಿನಿಂದ ತಿಕ್ಕತೊಡಗಿದರು. ತೌಡು ಎಂದೋ ಹೋಗಿತ್ತು, ಆದರೂ ತಿಕ್ಕುತ್ತಲೇ ಇದ್ದರು. ದೀಪ ಹಚ್ಚುವ ಹೊತ್ತು ಕಳೆದು, ಅಜ್ಜಿ ಊಟಕ್ಕೆ ಕರೆದು ಕರೆದು ಸುಮ್ಮನಾದ ಮೇಲೂ ಬಾವಿಯ ಕಡೆಯಿಂದ ಆ ಸದ್ದು ಕೇಳುತ್ತಿತ್ತು. ಮದುವೆಯಾಗಿ ಇಷ್ಟು ವರ್ಷ ಜೊತೆಗಿದ್ದ ಅಜ್ಜಿಗೂ ಅವರು ಕಾರಣ ಹೇಳಲಿಲ್ಲ. ಕೇಳುವ ಧೈರ್ಯ ಅಜ್ಜಿಗೂ ಬರಲಿಲ್ಲ, ಅಜ್ಜಿ ತೀರಿಹೋಗುವ ತನಕವೂ ಬರಲಿಲ್ಲ. ನೀನು ಪ್ರಶ್ನೆ ಕೇಳಿದಾಗ ಅಜ್ಜನ ಮುಖದಲ್ಲಿ ನಾನು ಕಂಡದ್ದು ಬಾವಿಕಟ್ಟೆಯ ಆ ಮುಖವನ್ನೇ. ಅದನ್ನು ಕಂಡವಳು ಹೇಗೆ ಸುಮ್ಮನಿರಲಿ?

ನೀನು ಹೊರಟುಹೋದ ಎರಡು ದಿನಗಳ ಮೇಲೆ ಅವರಾಗಿಯೇ ಮಾತೆತ್ತಿದರು. ಪಾಕಿಸ್ತಾನದೊಂದಿಗಿನ ಆ ಯುದ್ಧ 1971ರ ಡಿಸೆಂಬರ್ 3ರಿಂದ 16ರವರೆಗೆ ನಡೆಯಿತೆಂದು ನಾನು ಮಕ್ಕಳಿಗೆ ಪಾಠ ಮಾಡಿದವಳು. ಢಾಕಾದಲ್ಲಿ ಪಾಕಿಸ್ತಾನಿ ಸೇನಾಧಿಕಾರಿ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕುವ ಚಿತ್ರವನ್ನು ನೀನೂ ನೋಡಿದ್ದೀಯೆ. ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ ಅಜ್ಜನಿಗೆ ಆ ದಿನ ಯುದ್ಧ ಮುಗಿದಿರಲಿಲ್ಲ. ಹಿಮ್ಮೆಟ್ಟುತ್ತಿದ್ದ ಸೈನ್ಯ ಒಡೆದುಹಾಕಿದ ಸೇತುವೆಗಳನ್ನು ಕಟ್ಟಬೇಕಿತ್ತು, ಜನ ಊರಿಗೆ ಮರಳುವ ಮೊದಲು ಹೊಲಗಳಲ್ಲಿ ಹುಗಿದಿಟ್ಟ ಮೈನ್‌ಗಳನ್ನು ಹುಡುಕಿ ತೆಗೆಯಬೇಕಿತ್ತು. ಅಂಥ ಒಂದು ಬೆಳಿಗ್ಗೆ, ಕತ್ತಲೆಯಲ್ಲಿ, ಧರ್ಮಪುರಿಯ ಕಡೆಯ ಗೆಳೆಯನೊಬ್ಬ ಅಜ್ಜನ ಟಿನ್ನನ್ನು ತನ್ನದೆಂದು ತೆಗೆದುಕೊಂಡು ಕೆಲಸಕ್ಕೆ ಹೋದನಂತೆ. ಅವನು ಮರಳಲಿಲ್ಲ. "ಅವನದ್ದು ನನ್ನ ಹತ್ತಿರ ಉಳಿಯಿತು. ಅವನ ಮನೆಗೆ ಕೊಡಬೇಕಿತ್ತು" ಎಂದಷ್ಟೇ ಹೇಳಿ ಅಜ್ಜ ಕಣ್ಣು ಮುಚ್ಚಿಕೊಂಡರು. ಮುಂದಿನದನ್ನು ನಾನು ಕೇಳಲಿಲ್ಲ.

ಬಂದಾಗ ಕೆಲವು ವಿಷಯ ಗಮನಿಸು. ಪದಕಗಳಿಗೆ ಬ್ರಾಸೋ ಪಾಲಿಶ್ ಹಚ್ಚಬೇಡ. ಹೊಳಪು ಬರುವುದರ ಜೊತೆಗೆ ಅಕ್ಷರಗಳೂ ಸವೆಯುತ್ತವೆ. ರಿಬ್ಬನ್ನುಗಳನ್ನು ಬಿಸಿಲಿಗೆ ಇಡಬೇಡ. ಮಳೆಗಾಲದ ಥಂಡಿಗೆ ಮಡಿಕೆಯಲ್ಲಿ ಬಿರುಕು ಬಿಟ್ಟಿರುವ, ಅಜ್ಜ ಆಗ ಬರೆದ ಪತ್ರಗಳನ್ನು ಬಲವಂತವಾಗಿ ಬಿಡಿಸದೆ, ಅಂಟುಪಟ್ಟಿ ಹಾಕದೆ, ಎರಡೂ ಮಗ್ಗುಲುಗಳ ಚಿತ್ರ ತೆಗೆ. ಟಿನ್ನಿನ ಅಂಕಿಗಳು ಅಜ್ಜ ತಿಕ್ಕಿದ್ದರಿಂದಲೇ ಅರ್ಧ ಅಳಿಸಿವೆ. ಫ್ಲ್ಯಾಶ್ ಹಾಕಿದರೆ ಕಾಣದೇ ಹೋಗಬಹುದು, ಚಾವಡಿಯ ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಗೀರುಗಳ ನೆರಳು ಎದ್ದು ಬರುತ್ತದೆ. ಇವೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಗೊತ್ತಿದ್ದೂ ಬರೆದೆ. ತಾಯಿಯ ಕೈಗೆ ಪೆನ್ನು ಸಿಕ್ಕರೆ ಹೀಗೆಯೇ.

ಮುಖ್ಯವಾದದ್ದು ಬೇರೆಯಿದೆ. ಆ ಪತ್ರಗಳ ಮೇಲಿರುವುದು 99 ಎ.ಪಿ.ಒ. ಎಂಬ ಸೇನಾ ಅಂಚೆಕಚೇರಿಯ ವಿಳಾಸ ಮಾತ್ರ. ಸೈನಿಕ ಎಲ್ಲಿದ್ದಾನೆಂಬುದು ತಿಳಿಯಬಾರದೆಂದೇ ಅದರಲ್ಲಿ ಊರಿನ ಹೆಸರಿರುವುದಿಲ್ಲ. ಎಷ್ಟು ಸ್ಪಷ್ಟವಾಗಿ ಚಿತ್ರ ತೆಗೆದರೂ ಅಜ್ಜ ಯಾವ ನದಿಯ ದಡದಲ್ಲಿ ಕುಳಿತು ಬರೆದರೆಂಬುದು ಆ ಕಾಗದದಿಂದ ಸಿಗದು, ಅವರ ಬಾಯಿಂದಲೇ ಸಿಗಬೇಕು. ಆದ್ದರಿಂದ ಪೆಟ್ಟಿಗೆಯ ಮುಚ್ಚಳ ತೆರೆಯುವ ಮೊದಲೇ ಧ್ವನಿಮುದ್ರಣ ಆರಂಭಿಸು. ವಸ್ತುಗಳನ್ನು ಅವರೇ ಒಂದೊಂದಾಗಿ ಎತ್ತಿಕೊಳ್ಳಲಿ; ಯಾವುದನ್ನು ಮೊದಲು ಮುಟ್ಟುತ್ತಾರೋ ಅಲ್ಲಿಂದಲೇ ಕತೆ ಹೊರಡಲಿ. ನಡುವೆ ಬ್ಯಾರಕ್ಕಿನ ತಮಿಳು ಬಂದರೆ ಅರ್ಥ ಕೇಳಿ ತಡೆಯಬೇಡ. ಮಾತು ನಿಂತರೆ ನೀನೂ ಕಾಯಿ. ಟಿನ್ನಿನ ಸುದ್ದಿಯನ್ನು ನೀನಾಗಿ ತೆಗೆಯಬೇಡ. ಮತ್ತು ಅವರ ಒಪ್ಪಿಗೆಯಿಲ್ಲದೆ ಅದರ ಚಿತ್ರವನ್ನು ಯಾವ ಪ್ರದರ್ಶನಕ್ಕೂ ಕಳಿಸಬೇಡ; ಆ ಮನೆಯವರು ಇನ್ನೂ ಇರಬಹುದು, ಅವರಿಗೆ ಅದು ಮೊದಲು ತಲುಪಬೇಕು.

ನನಗಿರುವ ಭಯ ಶಸ್ತ್ರಚಿಕಿತ್ಸೆಯದು ಮಾತ್ರವಲ್ಲ. ಆ ಗೆಳೆಯನ ಊರಿನ ಹೆಸರು ಅಜ್ಜನೊಬ್ಬರಿಗೇ ಗೊತ್ತಿದೆ, ನನಗೆ ಅವರು ಹೇಳಿಲ್ಲ. ನಿನಗೆ ಹೇಳುತ್ತಾರೆಂದು ಅನ್ನಿಸುತ್ತಿದೆ, ಏಕೆಂದರೆ ನಿನ್ನೆ ಕಾಫಿ ಕುಡಿಯುತ್ತ, "ಆ ಹುಡುಗಿಗೆ ಸಿಟ್ಟು ಇಳಿಯಿತಾ? ನಂಬರು ಸರಿಯಾಗಿ ಬಂತಾ ಕೇಳು" ಎಂದರು.

ಬೆಂಗಳೂರಿನಿಂದ ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟರೆ ಎರಡು ದಿನ ಪೂರ್ತಿ ಸಿಗುತ್ತದೆ. ಯಾವ ವಾರ ಬರುತ್ತೀಯೆಂದು ತಿಳಿಸು, ಅಜ್ಜನಿಗೆ ಹೇಳಿಟ್ಟಿರುತ್ತೇನೆ.

ನಿನ್ನ ಅಮ್ಮ